ಚಿತ್ರ ಬರೆಸುವ ಮಾತು

ಕಂಪೆನಿ ನಾಟಕಗಳನ್ನು ಕಂಡವರಿಗೆ ‘ಪ್ರಾಂಪ್ಟ್’ ಎಂಬ ಪದ ಹೊಸದಲ್ಲ. ಸೈಡ್‌ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ನಿಂತವನು, ನಟ ಮಾತು ಮರೆತಾಗ ಎರಡು ಪದ ಪಿಸುಗುಟ್ಟುತ್ತಿದ್ದ. ಮುಂದಿನದನ್ನು ನಟ ತನ್ನ ನೆನಪಿನಿಂದ ತುಂಬಿಕೊಳ್ಳುತ್ತಿದ್ದ. ಈಗ ಅದೇ ಪದ ಕಂಪ್ಯೂಟರಿಗೆ ಬಂದಿದೆ. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಾವು ಎರಡು ಸಾಲು ಬರೆದುಕೊಟ್ಟರೆ ಅದು ಸ್ವಲ್ಪ ಹೊತ್ತಿನಲ್ಲಿ ಒಂದು ಚಿತ್ರ ಮಾಡಿಕೊಡುತ್ತದೆ. ಆ ಎರಡು ಸಾಲೇ ಪ್ರಾಂಪ್ಟ್. ಇಲ್ಲಿಯೂ ಉಳಿದದ್ದನ್ನು ಯಂತ್ರ ತನ್ನ ನೆನಪಿನಿಂದ ತುಂಬಿಕೊಳ್ಳುತ್ತದೆ. ಆ ನೆನಪು ಯಾರದು ಎಂಬುದೇ ಈ ಲೇಖನದ ಪ್ರಶ್ನೆ.

ಓಪನ್‌ಎಐ ಸಂಸ್ಥೆ ತನ್ನ ಡಾಲ್-ಇ ಯಂತ್ರವನ್ನು ಜಗತ್ತಿಗೆ ತೋರಿಸಿದ್ದು 2021ರ ಜನವರಿಯಲ್ಲಿ. ಮರುವರ್ಷವೇ ಮಿಡ್‌ಜರ್ನಿ ಮತ್ತು ಸ್ಟೇಬಲ್ ಡಿಫ್ಯೂಶನ್ ಸಾಮಾನ್ಯರ ಕೈಗೆ ಬಂದವು. ಈದ್ ಶುಭಾಶಯ, ಶಾಲಾ ವಾರ್ಷಿಕೋತ್ಸವದ ಬ್ಯಾನರ್, ಕವನ ಸಂಕಲನದ ಮುಖಪುಟ, ಪತ್ರಿಕೆಯಲ್ಲಿ ಕತೆಯ ಪಕ್ಕದ ಚಿತ್ರ, ಎಲ್ಲವನ್ನೂ ಈಗ ಹೀಗೆ ಮಾಡಿಸಬಹುದು. ಒಳ್ಳೆಯ ಪ್ರಾಂಪ್ಟ್ ಬರೆಯುವುದು ಹೇಗೆಂದು ಕಲಿಸುವವರಿಗೂ ಕೊರತೆಯಿಲ್ಲ. ವಿಷಯ ಹೇಳಿ, ಹಿನ್ನೆಲೆ ಹೇಳಿ, ಬೆಳಕು ಹೇಳಿ, ಶೈಲಿ ಹೇಳಿ ಎಂದು ಅವರು ಪಟ್ಟಿ ಕೊಡುತ್ತಾರೆ. ಪಟ್ಟಿ ತಪ್ಪೇನಲ್ಲ. ಆದರೆ ಪ್ರಾಂಪ್ಟ್ ಎಂಬುದು ಒಂದು ಗುಂಡಿ ಅಲ್ಲ, ಒಂದು ಬರವಣಿಗೆ. ಬರವಣಿಗೆ ಎಂದ ಮೇಲೆ ಅದರಲ್ಲಿ ಸೋಮಾರಿತನವಿರುತ್ತದೆ, ಪೂರ್ವಗ್ರಹವಿರುತ್ತದೆ, ಎಚ್ಚರವೂ ಇರಬಹುದು. ಕತೆ, ಕವಿತೆಗಳನ್ನು ಓದುವ ಹಾಗೆಯೇ ಅದನ್ನೂ ವಿಮರ್ಶೆಯ ಕಣ್ಣಿನಿಂದ ಓದಬೇಕಾಗಿದೆ.

ಮೊದಲು ಯಂತ್ರದ ಕಲಿಕೆಯನ್ನು ಅರ್ಥಮಾಡಿಕೊಳ್ಳೋಣ. ಅದು ಜಗತ್ತನ್ನು ನೋಡಿ ಕಲಿತದ್ದಲ್ಲ. ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಅಡಿಬರಹಗಳನ್ನೂ ನೋಡಿ ಕಲಿತದ್ದು. 2022ರಲ್ಲಿ ಪ್ರಕಟವಾದ ಲಯಾನ್-5ಬಿ ಎಂಬ ಭಂಡಾರದಲ್ಲಿ ಅಂತರ್ಜಾಲದಿಂದ ಹೆಕ್ಕಿದ 585 ಕೋಟಿ ಚಿತ್ರ-ಬರಹದ ಜೋಡಿಗಳಿದ್ದವು. ಅವುಗಳಲ್ಲಿ 230 ಕೋಟಿಗೂ ಹೆಚ್ಚು ಜೋಡಿಗಳ ಬರಹ ಇಂಗ್ಲಿಷಿನದು. ಉಳಿದ ನೂರಕ್ಕೂ ಹೆಚ್ಚು ಭಾಷೆಗಳಿಗೆ ಒಟ್ಟಾಗಿ ಸಿಕ್ಕ ಪಾಲು ಅದಕ್ಕಿಂತ ಕಡಿಮೆ. ಸ್ಟೇಬಲ್ ಡಿಫ್ಯೂಶನ್ ಪಾಠ ಕಲಿತದ್ದು ಈ ಭಂಡಾರದ ಭಾಗಗಳಿಂದ. ಇಂಥ ಅಡಿಬರಹಗಳನ್ನು ಬರೆದವರು ಸರಕು ಮಾರುವವರು, ಪ್ರವಾಸದ ಜಾಹೀರಾತಿನವರು, ಸುದ್ದಿಸಂಸ್ಥೆಯವರು, ಫೋಟೊ ಅಂಗಡಿಯವರು. ನಮ್ಮ ಮನೆಯ ಆಲ್ಬಮ್ಮಿಗೆ ಇಂಗ್ಲಿಷಿನಲ್ಲಿ ಅಡಿಬರಹ ಬರೆದವರು ಯಾರೂ ಇಲ್ಲ.

ಚಿತ್ರ ಮಾಡುವಾಗ ಯಂತ್ರ ಚುಕ್ಕೆಗಳ ಗೊಂದಲವೊಂದರಿಂದ ಶುರುಮಾಡುತ್ತದೆ. ನಮ್ಮ ಮಾತಿಗೆ ಯಾವ ರೂಪ ಹೆಚ್ಚು ಹೊಂದುತ್ತದೋ ಅದರ ಕಡೆಗೆ ಹಂತಹಂತವಾಗಿ ಗೊಂದಲವನ್ನು ತಿಳಿಗೊಳಿಸುತ್ತಾ ಹೋಗುತ್ತದೆ. ಆದ್ದರಿಂದ ಒಂದು ಪದವನ್ನಷ್ಟೇ ಕೊಟ್ಟರೆ, ಆ ಪದದ ಜೊತೆ ಅತಿ ಹೆಚ್ಚು ಸಲ ಕಾಣಿಸಿಕೊಂಡ ರೂಪವೇ ಮೇಲೆ ತೇಲಿ ಬರುತ್ತದೆ. ನಾವು ಹೇಳದೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ.

ಇದರ ಫಲವೇನೆಂದು ಈಗಾಗಲೇ ನೋಡಿದವರಿದ್ದಾರೆ. 2023ರಲ್ಲಿ ‘ರೆಸ್ಟ್ ಆಫ್ ವರ್ಲ್ಡ್’ ಪತ್ರಿಕೆಯವರು ಮಿಡ್‌ಜರ್ನಿಯಿಂದ ಬೇರೆ ಬೇರೆ ದೇಶಗಳ 3000 ಚಿತ್ರಗಳನ್ನು ಮಾಡಿಸಿದರು. ‘ಒಬ್ಬ ಭಾರತೀಯ ವ್ಯಕ್ತಿ’ ಎಂದಾಗ ಬಂದದ್ದು ಬಹುಮಟ್ಟಿಗೆ ಗಡ್ಡದ ಮುದುಕ. ‘ಒಬ್ಬ ಮೆಕ್ಸಿಕೋ ವ್ಯಕ್ತಿ’ ಎಂದಾಗ ಬಂದದ್ದು ಅಗಲ ಟೊಪ್ಪಿಗೆಯ ಗಂಡಸು. ಅದೇ ವರ್ಷ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಸ್ಟೇಬಲ್ ಡಿಫ್ಯೂಶನ್ನಿಗೆ ‘ನ್ಯಾಯಾಧೀಶ’ ಎಂಬ ಪದ ಕೊಟ್ಟು ನೋಡಿತು. ಬಂದ ಚಿತ್ರಗಳಲ್ಲಿ ಶೇಕಡಾ 3ರಷ್ಟು ಮಾತ್ರ ಹೆಂಗಸರಿದ್ದರು. ಅಮೆರಿಕದ ನ್ಯಾಯಾಧೀಶರಲ್ಲಿ ಅವರ ನಿಜವಾದ ಪಾಲು ಶೇಕಡಾ 34. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ‘ಇರಾಕಿನ ಆಟಿಕೆಗಳು’ ಎಂದು ಬರೆಯಿಸಿದಾಗ ಯಂತ್ರ ಕೊಟ್ಟದ್ದು ಬಂದೂಕು ಹಿಡಿದ ಸಿಪಾಯಿ ಗೊಂಬೆಗಳನ್ನು. 2023ರ ನವೆಂಬರಿನಲ್ಲಿ ಗಾರ್ಡಿಯನ್ ಪತ್ರಿಕೆ ವಾಟ್ಸಾಪಿನ ಸ್ಟಿಕರ್ ಸೌಲಭ್ಯದ ಬಗ್ಗೆ ವರದಿ ಮಾಡಿತು. ಪ್ಯಾಲೆಸ್ತೀನಿ ಮುಸ್ಲಿಂ ಹುಡುಗನನ್ನು ಕೇಳಿದಾಗ ಬಂದ ಚಿತ್ರಗಳಲ್ಲಿ ಬಂದೂಕು ಹಿಡಿದವನೊಬ್ಬನಿದ್ದ. ಇಸ್ರೇಲಿ ಹುಡುಗನನ್ನು ಕೇಳಿದಾಗ ಬಂದವರು ಚೆಂಡಾಡುವ, ಪುಸ್ತಕ ಓದುವ ಮಕ್ಕಳು. ಆಟಿಕೆಗೂ ಮಗುವಿಗೂ ಬಂದೂಕು ಕೊಡು ಎಂದು ಯಾರೂ ಕೇಳಿರಲಿಲ್ಲ. ಇರಾಕ್, ಪ್ಯಾಲೆಸ್ತೀನ್ ಎಂಬ ಹೆಸರುಗಳಿದ್ದ ಸುದ್ದಿಚಿತ್ರಗಳಿಂದ ಅದು ತಾನಾಗಿ ಬಂತು.

ಕನ್ನಡದ ಓದುಗರಿಗೆ ಇದು ಹೊಸ ಅನುಭವವಲ್ಲ. ನಮ್ಮ ಸಿನಿಮಾಗಳ ‘ಸಾಬಿ’ಯನ್ನು ನೆನಪಿಸಿಕೊಳ್ಳಿ. ಟೋಪಿ, ಗಡ್ಡ, ಹರಕು ಕನ್ನಡ. ಒಳ್ಳೆಯವನಾದರೆ ನಾಯಕನಿಗಾಗಿ ಪ್ರಾಣ ಕೊಡುವವನು, ಕೆಟ್ಟವನಾದರೆ ಕಳ್ಳಸಾಗಣೆಯವನು. ಬರೆದವರ ಮನಸ್ಸಿನಲ್ಲಿ ‘ಮುಸ್ಲಿಂ ಪಾತ್ರ’ ಎಂಬ ಎರಡೇ ಪದಗಳಿದ್ದವು. ಉಳಿದದ್ದನ್ನು ಅಭ್ಯಾಸ ತುಂಬಿತು. ಇದಕ್ಕೆ ಉತ್ತರ ಕೊಟ್ಟವರು ನಮ್ಮ ಕತೆಗಾರರು. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಅಲ್ಲಿದ್ದದ್ದು ‘ಮುಸ್ಲಿಂ ಮಹಿಳೆ’ ಅಲ್ಲ; ನಾದಿರಾ ಎಂಬ ಒಬ್ಬಳು, ಅವಳ ತಂದೆ, ಅವಳ ಮಗು, ಒಂದು ಹೊಳೆ. ಬೊಳುವಾರು ಮಹಮ್ಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಜಗತ್ತು ಓದಿದ್ದೂ ವೇಷಗಳನ್ನಲ್ಲ, ಮನುಷ್ಯರನ್ನು. ಅರ್ಧ ಶತಮಾನದ ಈ ಕೆಲಸವನ್ನು ಒಂದು ಆಲಸಿ ಪ್ರಾಂಪ್ಟ್ ಕ್ಷಣಾರ್ಧದಲ್ಲಿ ಹಿಂದಕ್ಕೆ ತಳ್ಳಬಲ್ಲದು. ಅಂಥ ಕತೆಯ ಪಕ್ಕದಲ್ಲೇ ಸುರ್ಮಾ ಕಣ್ಣಿನ, ಕಪ್ಪು ಪರದೆಯ, ಹಿಂದೊಂದು ಮಿನಾರಿರುವ ಚಿತ್ರ ಅಚ್ಚಾದರೆ ಓದುಗ ಮೊದಲು ನೋಡುವುದು ಚಿತ್ರವನ್ನು.

ಹಾಗಾದರೆ ಹೇಗೆ ಬರೆಯಬೇಕು? ಒಂದು ಉದಾಹರಣೆ ತೆಗೆದುಕೊಳ್ಳೋಣ. ಶಿಕ್ಷಕಿಯೊಬ್ಬರ ಬಗೆಗಿನ ಕತೆಗೆ ಚಿತ್ರ ಬೇಕಾಗಿದೆ. ಅವಸರದವರು ಹೀಗೆ ಬರೆಯುತ್ತಾರೆ:

‘ಭಾರತದ ಒಬ್ಬ ಮುಸ್ಲಿಂ ಶಿಕ್ಷಕಿ, ಸುಂದರ, ಭಾವಪೂರ್ಣ, ಅತ್ಯುತ್ತಮ ಗುಣಮಟ್ಟ.’

ಈ ಸಾಲಿನಲ್ಲಿ ಕಣ್ಣಿಗೆ ಕಾಣುವಂಥದ್ದು ಏನಿದೆ? ‘ಸುಂದರ’ ಎಂಬುದು ಅಭಿಪ್ರಾಯ. ‘ಭಾವಪೂರ್ಣ’ ಎಂಬುದು ಹೊಗಳಿಕೆ. ‘ಭಾರತ’ ಮತ್ತು ‘ಮುಸ್ಲಿಂ’ ಎರಡೂ ವೇಷಭೂಷಣದ ಪೆಟ್ಟಿಗೆಯನ್ನು ತೆರೆಯುವ ಪದಗಳು. ಇನ್ನು ಎರಡನೆಯದನ್ನು ನೋಡಿ:

‘ಸುಮಾರು ಐವತ್ತು ವರ್ಷದ ಮಹಿಳೆ, ಸಂಜೆ ಖಾಲಿಯಾದ ತರಗತಿಯಲ್ಲಿ ಕೂತು ಕೆಂಪು ಪೆನ್ನಿನಿಂದ ಮಕ್ಕಳ ಲೆಕ್ಕದ ನೋಟ್‌ಬುಕ್ಕು ತಿದ್ದುತ್ತಿದ್ದಾರೆ. ದಕ್ಷಿಣ ಭಾರತದ ಸಣ್ಣ ಊರಿನ ಸರ್ಕಾರಿ ಶಾಲೆ. ಸುಣ್ಣದ ಗೋಡೆ, ಹಳೆಯ ಮರದ ಮೇಜು, ಮೇಜಿನ ಮೇಲೆ ನೋಟ್‌ಬುಕ್ಕುಗಳ ಎರಡು ರಾಶಿ. ಮಾಸಿದ ಹಸಿರು ಹತ್ತಿ ಸೀರೆ, ಅದರ ಸೆರಗು ತಲೆಯ ಹಿಂಭಾಗವನ್ನು ಸಡಿಲವಾಗಿ ಮುಚ್ಚಿದೆ. ಕನ್ನಡಕ ಮೂಗಿನ ಮೇಲೆ ಸ್ವಲ್ಪ ಜಾರಿದೆ. ಎಡಗಡೆಯ ಕಿಟಕಿಯ ಸರಳುಗಳ ನಡುವಿನಿಂದ ಇಳಿಬಿಸಿಲು ಮೇಜಿನ ಮೇಲೆ ಬಿದ್ದಿದೆ. ಮೇಜಿನ ಈಚೆ ನಿಂತ ಮಗುವಿನ ಕಣ್ಣಿನ ಎತ್ತರದಿಂದ ತೆಗೆದ ಸಾಮಾನ್ಯ ಫೋಟೊ.’

ಎರಡನೆಯದು ಉದ್ದವಾಗಿದೆ ಎಂಬುದು ಮುಖ್ಯವಲ್ಲ. ಇಲ್ಲಿ ಒಂದು ಕ್ರಿಯಾಪದ ಬಂದಿದೆ. ಕೈಗೆ ಕೆಲಸ ಕೊಟ್ಟರೆ ಪಾತ್ರ ಕ್ಯಾಮೆರಾದತ್ತ ತಿರುಗಿ ನಗುವುದನ್ನು ಬಿಡುತ್ತದೆ. ಬೆಳಕು ಯಾವ ಕಡೆಯಿಂದ, ಯಾವ ಹೊತ್ತಿನದು ಎಂದು ಹೇಳಿದ್ದರಿಂದ ಜಾಹೀರಾತಿನ ಹೊಳಪು ದೂರವಾಗುತ್ತದೆ. ನೋಡುತ್ತಿರುವವರು ಯಾರು, ಎಲ್ಲಿಂದ ಎಂಬುದು ನಿರ್ಧಾರವಾಗಿದೆ. ಇದು ಕತೆಗಾರರು ಪ್ರತಿ ಸಲ ಕೇಳಿಕೊಳ್ಳುವ ಪ್ರಶ್ನೆಯೇ. ‘ಮುಸ್ಲಿಂ’ ಎಂಬ ಪದ ಹೋಗಿದೆ, ಆದರೆ ಆಕೆ ಹೋಗಿಲ್ಲ. ಆ ಸೆರಗು ಅಲ್ಲಿದೆ, ಕೆಂಪು ಪೆನ್ನಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಸಮುದಾಯದ ಹೆಸರನ್ನೇ ಬಿಟ್ಟರೆ ನಾವು ಅಳಿಸಿಹೋಗುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರೀ ‘ಶಿಕ್ಷಕಿ’ ಎಂದರೆ ಯಂತ್ರ ಇನ್ಯಾವುದೋ ದೇಶದ ಶಿಕ್ಷಕಿಯನ್ನು ತಂದು ಕೂರಿಸಬಹುದು. ಹೆಸರು ಹೇಳಿದರೆ ವೇಷ ಬರುತ್ತದೆ, ಹೇಳದಿದ್ದರೆ ಮನುಷ್ಯರೇ ಮಾಯವಾಗುತ್ತಾರೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ವಿವರ ಒಂದೇ. ವಯಸ್ಸು, ಕೆಲಸ, ಊರು, ಬಟ್ಟೆಯ ನೂಲು, ಹೊತ್ತು ಇವುಗಳನ್ನು ಮೊದಲು ಬರೆದು, ಬೇಕಿದ್ದರೆ ಸಮುದಾಯದ ಹೆಸರನ್ನು ಕೊನೆಯಲ್ಲಿ ಬರೆಯಬಹುದು. ಯಂತ್ರ ಓದುವ ಮಾತಿಗೂ ಮಿತಿಯಿರುತ್ತದೆ. ಮೊದಮೊದಲ ಸ್ಟೇಬಲ್ ಡಿಫ್ಯೂಶನ್ ಒಂದು ಸಲಕ್ಕೆ 77 ತುಣುಕುಗಳಷ್ಟು ಮಾತನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಮುಖ್ಯವಾದದ್ದನ್ನು ಮೊದಲು ಹೇಳುವ ಶಿಸ್ತು ಅಲ್ಲಿಂದಲೇ ಬಂತು.

ವರ್ಣನೆಯ ಕಷ್ಟ ನಮ್ಮ ಸಾಹಿತ್ಯಗಳಿಗೆ ಹಳೆಯದು. ಕನ್ನಡದ ಚಂಪೂ ಕವಿಗಳಿಗೆ ಅಷ್ಟಾದಶ ವರ್ಣನೆಗಳ ನಿಯಮವಿತ್ತು. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಎಂದು ಹದಿನೆಂಟು. ಉರ್ದುವಿನ ಮರ್ಸಿಯಾಗಳಲ್ಲಿ ‘ಸರಾಪಾ’ ಎಂಬ ಭಾಗವಿದೆ. ವೀರನನ್ನು ತಲೆಯಿಂದ ಕಾಲಿನವರೆಗೆ ವರ್ಣಿಸುವುದು. ದೊಡ್ಡ ಕವಿಗಳ ಕೈಯಲ್ಲಿ ಇವು ಜೀವ ಪಡೆದವು. ಸಣ್ಣವರ ಕೈಯಲ್ಲಿ ಎಲ್ಲ ಕಣ್ಣುಗಳೂ ತಾವರೆಯಾದವು, ಇಲ್ಲವೇ ನರ್ಗಿಸ್ ಆದವು. ಎಲ್ಲ ನಿಲುವುಗಳೂ ಸರ್ವ್ ಮರವಾದವು. ಇಂದಿನ ಪ್ರಾಂಪ್ಟ್‌ಗಳಲ್ಲಿ ‘8ಕೆ’, ‘ಮಾಸ್ಟರ್‌ಪೀಸ್’, ‘ಸಿನಿಮ್ಯಾಟಿಕ್’, ‘ಅಲ್ಟ್ರಾ ಡೀಟೇಲ್ಡ್’ ಎಂದು ಬಾಲ ಕಟ್ಟುವವರು ಈ ಎರಡನೆಯ ಸಾಲಿನ ಕವಿಗಳ ವಾರಸುದಾರರು. ಆ ಪದಗಳಿಂದ ಚಿತ್ರಕ್ಕೆ ಒಂದು ಮೆರುಗು ಬರುವುದು ನಿಜ. ಎಲ್ಲರ ಚಿತ್ರಕ್ಕೂ ಬರುವ ಅದೇ ಮೆರುಗು ಅದು. ಭಾವದ ಪದಗಳದ್ದೂ ಇದೇ ಕತೆ. ‘ದುಃಖಿತ ತಾಯಿ’ ಎಂದರೆ ಕೆನ್ನೆಯ ಮೇಲೆ ಅಚ್ಚುಕಟ್ಟಾದ ಒಂದು ಕಣ್ಣೀರ ಹನಿ ಬರುವ ಸಾಧ್ಯತೆಯೇ ಹೆಚ್ಚು. ದುಃಖದಲ್ಲಿರುವ ತಾಯಿ ಏನು ಮಾಡುತ್ತಿದ್ದಾಳೆಂದು ಬರೆಯಬೇಕು. ಎರಡು ತಟ್ಟೆ ಹಾಕಿ, ಒಂದನ್ನು ತೆಗೆದಿಡುತ್ತಿದ್ದಾಳೆ ಎನ್ನಿ.

‘ಇಲ್ಲ’ ಎಂಬ ಪದ ಇನ್ನೊಂದು ತೊಡಕು. ‘ಗಡ್ಡವಿಲ್ಲದ ಮೌಲ್ವಿ’ ಎಂದು ಬರೆದರೆ ಗಡ್ಡ ಬಂದರೂ ಬರಬಹುದು. ಅಡಿಬರಹಗಳು ಚಿತ್ರದಲ್ಲಿ ಇರುವುದನ್ನು ಹೇಳುತ್ತವೆಯೇ ಹೊರತು ಇಲ್ಲದ್ದನ್ನು ಹೇಳುವುದು ಅಪರೂಪ. ಹಾಗಾಗಿ ‘ಗಡ್ಡ’ ಎಂಬ ಪದ ಕಂಡಕೂಡಲೇ ಯಂತ್ರದ ಒಲವು ಗಡ್ಡದ ಕಡೆಗೇ. ಕೆಲವು ಯಂತ್ರಗಳು ಬೇಡದ್ದನ್ನು ಬರೆಯಲು ಬೇರೆಯೇ ಜಾಗ ಕೊಟ್ಟಿವೆ. ಈಚಿನವು ಮಾತನ್ನು ಹೆಚ್ಚು ಚೆನ್ನಾಗಿ ಗ್ರಹಿಸುತ್ತವೆ. ಆದರೂ ಬೇಡದ್ದನ್ನು ನಿರಾಕರಿಸುವುದಕ್ಕಿಂತ ಬೇಕಾದದ್ದನ್ನು ಹೇಳುವುದೇ ಮೇಲು: ‘ನುಣ್ಣಗೆ ಕ್ಷೌರ ಮಾಡಿದ ಮುಖ’ ಎಂದು. ‘ನಾವು ಅಂಥವರಲ್ಲ’ ಎಂದು ಹೇಳುತ್ತಲೇ ಬದುಕುವ ಸಮುದಾಯಗಳಿಗೆ ಈ ತಾಂತ್ರಿಕ ವಿವರದಲ್ಲಿ ಯೋಚಿಸುವಂಥದ್ದಿದೆ.

ಹೆಸರು ಗೊತ್ತಿಲ್ಲದವರಿಗೆ ಹೇಳುವಂತೆ ಹೇಳುವುದು ಇನ್ನೊಂದು ಅಗತ್ಯ. ಬಿದ್ರಿ ಹೂಜಿ ಬೇಕಾದರೆ ‘ಬಿದ್ರಿ’ ಎಂಬ ಪದದ ಮೇಲೆ ಮಾತ್ರ ಭಾರ ಹಾಕಬಾರದು. ಆ ಪದದ ಜೊತೆಗಿನ ಚಿತ್ರಗಳು ಕಡಿಮೆಯಿದ್ದಷ್ಟೂ ಯಂತ್ರ ಹತ್ತಿರದ ಇನ್ಯಾವುದೋ ಪಾತ್ರೆಯನ್ನು ಎತ್ತಿಕೊಳ್ಳುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹ, ಹೊಳಪಿಲ್ಲದ ಅಚ್ಚ ಕಪ್ಪು ಮೈ, ಅದರೊಳಗೆ ಸಮಮಟ್ಟದಲ್ಲಿ ಕೂರಿಸಿದ ಬೆಳ್ಳಿ ತಂತಿಯ ಹೂಬಳ್ಳಿ ಎಂದು ಬಿಡಿಸಿ ಹೇಳಬೇಕು. ಹೀಗೆ ಬರೆಯಲು ಆ ಹೂಜಿಯನ್ನು ಒಮ್ಮೆಯಾದರೂ ಕಣ್ಣಿಟ್ಟು ನೋಡಿರಬೇಕು. ಬೀದರಿನ ಕೋಟೆಯ ಮಣ್ಣಿನಿಂದ ಆ ಕಪ್ಪು ತರಿಸುವ ಉಸ್ತಾದರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲೊಬ್ಬರಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಇನ್ನೊಬ್ಬರ ಶ್ರಮದ ವಿಷಯವೂ ಇಲ್ಲಿ ಬರುತ್ತದೆ. ಪೋಲೆಂಡಿನ ಚಿತ್ರಕಾರ ಗ್ರೆಗ್ ರುಟ್ಕೋವ್‌ಸ್ಕಿಯವರ ಹೆಸರನ್ನು 2022ರ ಸೆಪ್ಟೆಂಬರಿನ ಹೊತ್ತಿಗೇ ಸುಮಾರು 93,000 ಸಲ ಪ್ರಾಂಪ್ಟ್‌ಗಳಲ್ಲಿ ಬಳಸಲಾಗಿತ್ತು. ಅವರನ್ನು ಕೇಳಿದವರಿಲ್ಲ. 2025ರ ಮಾರ್ಚಿನಲ್ಲಿ ಜನ ತಮ್ಮ ಮನೆಯವರ ಫೋಟೊಗಳನ್ನು ಜಪಾನಿನ ಘಿಬ್ಲಿ ಸ್ಟುಡಿಯೋದ ಶೈಲಿಗೆ ಬದಲಿಸಲು ಮುಗಿಬಿದ್ದರು. ‘ಇಂಥವರ ಶೈಲಿಯಲ್ಲಿ’ ಎಂಬುದು ಪರಿಣಾಮಕಾರಿ ಪ್ರಾಂಪ್ಟ್ ಹೌದು, ಆದರೆ ಅದು ಬರೆಯುವ ಕೆಲಸವನ್ನು ತಪ್ಪಿಸಿಕೊಳ್ಳುವ ದಾರಿಯೂ ಹೌದು. ಗೆರೆ ದಪ್ಪವೋ ತೆಳುವೋ, ಜಲವರ್ಣವೋ ಇದ್ದಿಲೋ, ಬಣ್ಣ ಎಷ್ಟು ಎಂದು ಹೇಳಬಲ್ಲವರಿಗೆ ಬದುಕಿರುವ ಕಲಾವಿದರ ಹೆಸರು ಬೇಕಾಗುವುದಿಲ್ಲ.

ಬರೆಯುವವರು ಎಷ್ಟೇ ಎಚ್ಚರ ವಹಿಸಿದರೂ ಮರೆಯಲ್ಲಿ ಇನ್ನೊಬ್ಬ ಪ್ರಾಂಪ್ಟರ್ ಇರಬಹುದು. 2023ರಲ್ಲಿ ಬಂದ ಡಾಲ್-ಇ 3ರಲ್ಲಿ ನಮ್ಮ ಸಾಲನ್ನು ಚಾಟ್‌ಜಿಪಿಟಿ ಮೊದಲು ತನ್ನ ಮಾತಿನಲ್ಲಿ ಹಿಗ್ಗಿಸಿ ಬರೆದು, ಆಮೇಲೆ ಚಿತ್ರದ ಯಂತ್ರಕ್ಕೆ ಕೊಡುತ್ತಿತ್ತು. 2024ರ ಫೆಬ್ರವರಿಯಲ್ಲಿ ಗೂಗಲ್ಲಿನ ಜೆಮಿನಿ, ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರನ್ನು ಕೇಳಿದರೆ ಕಪ್ಪು ಜನಾಂಗದ, ಏಷ್ಯಾದ ಮುಖಗಳಿಗೆ ನಾಜಿ ಸಮವಸ್ತ್ರ ತೊಡಿಸಿ ಕೊಟ್ಟಿತು. ವೈವಿಧ್ಯ ತರಲು ಮಾಡಿದ ತಿದ್ದುಪಡಿ ಎಲ್ಲಿ ಬೇಡವೋ ಅಲ್ಲಿಯೂ ಕೆಲಸ ಮಾಡಿತ್ತು. ಗೂಗಲ್ ಮನುಷ್ಯರ ಚಿತ್ರಗಳನ್ನು ಮಾಡುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಪೂರ್ವಗ್ರಹಕ್ಕೆ ಮೇಲಿನಿಂದ ಬಣ್ಣ ಬಳಿದರೆ ಅದು ಹೋಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ನ್ಯಾಯ ಬೇಕಾದರೆ ಸಂದರ್ಭದ ಅರಿವು ಬೇಕು, ಅದನ್ನು ಸದ್ಯಕ್ಕೆ ಬರೆಯುವವರೇ ತರಬೇಕು.

ಕೊನೆಗೆ ಈ ಬರವಣಿಗೆಯ ಮಿತಿಯ ಮಾತು. 2024ರ ಮೇ 26ರಂದು ಗಾಝಾದ ರಫಾದಲ್ಲಿ ನಿರಾಶ್ರಿತರ ಡೇರೆಗಳ ಮೇಲೆ ಇಸ್ರೇಲ್ ವಾಯುದಾಳಿ ಮಾಡಿತು. ಆ ಬಳಿಕ ‘ಎಲ್ಲರ ಕಣ್ಣು ರಫಾದ ಮೇಲೆ’ ಎಂಬ ಇಂಗ್ಲಿಷ್ ಬರಹವಿದ್ದ ಚಿತ್ರವೊಂದು ಇನ್‌ಸ್ಟಾಗ್ರಾಮಿನಲ್ಲಿ 4 ಕೋಟಿಗೂ ಹೆಚ್ಚು ಸಲ ಹಂಚಿಕೆಯಾಯಿತು. ಆ ಮಾತು ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಯೊಬ್ಬರು ಅದೇ ಫೆಬ್ರವರಿಯಲ್ಲಿ ಆಡಿದ್ದು. ಚಿತ್ರ ಮಾತ್ರ ಯಂತ್ರದ್ದು. ಸಾಲುಸಾಲಾಗಿ ಅಚ್ಚುಕಟ್ಟಾದ ಡೇರೆಗಳು, ಹಿಂದೆ ಹಿಮ ಹೊದ್ದ ಬೆಟ್ಟಗಳು. ರಫಾದಲ್ಲಿ ಹಿಮದ ಬೆಟ್ಟಗಳಿಲ್ಲ. ಡೇರೆಗಳ ನಡುವೆ ಮನುಷ್ಯರೂ ಕಾಣುವುದಿಲ್ಲ. ರಕ್ತವಿಲ್ಲದ್ದರಿಂದಲೇ ಅದು ಸಾಮಾಜಿಕ ಜಾಲತಾಣಗಳ ಜರಡಿಯಿಂದ ಪಾರಾಗಿ ಕೋಟಿ ಜನರನ್ನು ಮುಟ್ಟಿತು ಎಂದು ಅದರ ಪರವಾಗಿ ವಾದಿಸಿದವರಿದ್ದರು. ಆ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಕೋಟಿ ಜನ ನೋಡಿದ್ದು ರಫಾವನ್ನಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನಿಡಿ. 2023ರ ಅಕ್ಟೋಬರ್ 17ರಂದು ಖಾನ್ ಯೂನಿಸ್ ಊರಿನ ಆಸ್ಪತ್ರೆಯಲ್ಲಿ ರಾಯಿಟರ್ಸ್‌ನ ಪ್ಯಾಲೆಸ್ತೀನಿ ಛಾಯಾಗ್ರಾಹಕ ಮೊಹಮ್ಮದ್ ಸಾಲಿಂ ತೆಗೆದ ಫೋಟೊ ಅದು. 2024ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಪಡೆಯಿತು. ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಕಫನ್ ಸುತ್ತಿದ ಪುಟ್ಟ ದೇಹವೊಂದನ್ನು ಅವಚಿಕೊಂಡಿದ್ದಾರೆ. ಐದು ವರ್ಷದ ಸೋದರ ಸೊಸೆಯ ದೇಹ. ಮಗುವಿನ ಮುಖ ಬಟ್ಟೆಯೊಳಗಿದೆ, ಹೆಂಗಸಿನ ಮುಖ ತೋಳಿನಲ್ಲಿ ಅಡಗಿದೆ. ಇಬ್ಬರ ಮುಖವೂ ಕಾಣದ ಚಿತ್ರ. ‘ದುಃಖ’ಕ್ಕೆ ಪ್ರಾಂಪ್ಟ್ ಬರೆಯುವ ಯಾರೂ ಮುಖವನ್ನೇ ಬಿಟ್ಟುಬಿಡು ಎಂದು ಬರೆಯಲಾರರು. ಮೊಹಮ್ಮದ್ ಸಾಲಿಂ ಅದನ್ನು ಕಲ್ಪಿಸಿಕೊಂಡದ್ದಲ್ಲ, ಅಲ್ಲಿದ್ದರು, ಕಂಡರು.

ನಡೆದ ಅನ್ಯಾಯಕ್ಕೆ ಸಾಕ್ಷಿ ಬೇಕಾದಲ್ಲಿ ಒಳ್ಳೆಯ ಪ್ರಾಂಪ್ಟ್ ಎಂಬುದೇ ಇಲ್ಲ. ಅಲ್ಲಿ ಯಂತ್ರದ ಚಿತ್ರ ಹಾಕಿದವರು ನಾಳೆ ನಿಜವಾದ ಫೋಟೊವನ್ನೂ ‘ಅದು ಕೂಡ ಯಂತ್ರದ್ದಿರಬೇಕು’ ಎನ್ನುವವರಿಗೆ ಅವಕಾಶ ಮಾಡಿಕೊಟ್ಟಂತೆ. ಕಲ್ಪನೆಗೆ ಎಡೆಯಿರುವ ಕಡೆ, ಕತೆಗೆ, ಕವಿತೆಗೆ, ಮಕ್ಕಳ ಪಾಠಕ್ಕೆ, ಯಂತ್ರವನ್ನು ಬಳಸುವವರು ಬಳಸಲಿ; ಚಿತ್ರದ ಕೆಳಗೆ ಯಂತ್ರದ್ದೆಂದು ಅಚ್ಚು ಹಾಕಲಿ. ಬರೆಯುವ ಮುಂಚೆ ತಾವು ಚಿತ್ರಿಸಹೊರಟ ಮನುಷ್ಯರನ್ನು ಒಮ್ಮೆ ಹತ್ತಿರದಿಂದ ನೋಡಿ ಬರಲಿ. ನಮ್ಮನ್ನು ದ್ವೇಷಿಸುವವರು ಪ್ರಾಂಪ್ಟ್ ಬರೆಯಲು ಕಲಿಯಬೇಕಾಗಿಲ್ಲ. ಅವರಿಗೆ ಬೇಕಾದ ಟೋಪಿ, ಗಡ್ಡ, ಬಂದೂಕು ಯಂತ್ರದ ನೆನಪಿನಲ್ಲಿ ಮೇಲೆಯೇ ತೇಲುತ್ತಿವೆ. ಕೆಂಪು ಪೆನ್ನು ಹಿಡಿದ ಆ ಶಿಕ್ಷಕಿಯನ್ನು ಹೊರತರಲು ಮಾತ್ರ ಕಷ್ಟಪಟ್ಟು ಬರೆಯಬೇಕು, ಬಂದ ಚಿತ್ರ ಸರಿಯಿಲ್ಲದಿದ್ದರೆ ಹರಿದುಹಾಕಿ ಮತ್ತೆ ಬರೆಯಬೇಕು. ಕತೆ ಬರೆಯುವವರಿಗೆ ಅದರ ಅಭ್ಯಾಸವಿದೆ.